ಆಸ್ಪತ್ರೆಯ ಸಹಾಯಕ ಸಿಬ್ಬಂದಿಗೆ ಆಸ್ಟಿಯೊಪೊರೋಸಿಸ್ ಕಲಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬ ವೃದ್ಧೆಯ ಮೈಯನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಯಾರು ಯಾರು ಎಷ್ಟು ಸಲ ಮುಟ್ಟುತ್ತಾರೆ ಎಂದು ಎಣಿಸುತ್ತ ಹೋದರೆ, ಅದರಲ್ಲಿ ವೈದ್ಯರ ಪಾಲು ಬಹಳ ಕಡಿಮೆ ಎಂಬುದು ತಿಳಿಯುತ್ತದೆ. ಮಗ್ಗುಲು ಹೊರಳಿಸುವವರು, ಎಬ್ಬಿಸಿ ಕೂರಿಸುವವರು, ಬೆಡ್‌ಪ್ಯಾನ್ ಇಡುವವರು, ಮೈ ಒರೆಸಿ ಬಟ್ಟೆ ಬದಲಿಸುವವರು, ಗಾಲಿಕುರ್ಚಿಯಲ್ಲಿ ಎಕ್ಸ್‌ರೇ ಕೋಣೆಗೆ ಕರೆದೊಯ್ಯುವವರು ಹೆಚ್ಚಾಗಿ ಸಹಾಯಕ ಸಿಬ್ಬಂದಿಯೇ. ಆ ವೃದ್ಧೆಗೆ ಆಸ್ಟಿಯೊಪೊರೋಸಿಸ್ ಇದ್ದರೆ, ಅಂದರೆ ಮೂಳೆಯ ಒಳಗಟ್ಟು ತೆಳುವಾಗಿ ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿ ಬಂದಿದ್ದರೆ, ಅವರ ಮೂಳೆಯ ಕ್ಷೇಮ ಬಹುಮಟ್ಟಿಗೆ ಈ ಕೈಗಳಲ್ಲಿಯೇ ಇರುತ್ತದೆ. ಆದರೆ ಈ ರೋಗದ ತರಬೇತಿಗಳು ವೈದ್ಯರಿಗೆ ಮತ್ತು ದಾದಿಯರಿಗೆ ಮುಗಿದುಹೋಗಿ, ಆಯಾಗಳಿಗೂ ವಾರ್ಡ್ ಸಹಾಯಕರಿಗೂ ‘ಹುಷಾರಾಗಿ ಎತ್ತಿ’ ಎಂಬ ಒಂದು ಮಾತಷ್ಟೇ ಉಳಿಯುತ್ತದೆ. ಹುಷಾರು ಎಂದರೆ ಏನು, ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ನಾನು ಮೊದಲ ಸಲ ಇಂಥ ತರಗತಿ ತೆಗೆದುಕೊಂಡಾಗ ಮೂಳೆಯ ಜೀವಕೋಶಗಳಿಂದ ಹಿಡಿದು ಸಾಂದ್ರತೆಯ ಪರೀಕ್ಷೆಯವರೆಗೆ ಎಲ್ಲವನ್ನೂ ಪರದೆಯ ಮೇಲೆ ತೋರಿಸಿ ವಿವರಿಸಿದ್ದೆ. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಆಯಾ ಒಬ್ಬರು ಎದ್ದು, ‘ಮೇಡಂ, ಹಾಗಾದರೆ ಅವರಿಗೆ ಬೆಡ್‌ಪ್ಯಾನ್ ಹೇಗೆ ಇಡೋದು?’ ಎಂದು ಕೇಳಿದರು. ನಾನು ಆ ಪ್ರಶ್ನೆಯಿಂದಲೇ ಆರಂಭಿಸಬೇಕಾಗಿತ್ತು. ಈ ಮಾರ್ಗದರ್ಶಿಯನ್ನು ಅದೇ ಪ್ರಶ್ನೆಯ ಸುತ್ತ ಕಟ್ಟಿದ್ದೇನೆ. ಕೈ ಮಾಡುವ ಕೆಲಸವನ್ನು ಮುಂದಿಟ್ಟು, ಆ ಕೆಲಸಕ್ಕೆ ಬೇಕಾಗುವಷ್ಟು ರೋಗಜ್ಞಾನವನ್ನು ಅದರ ಬೆನ್ನಿಗೆ ಕಟ್ಟಿಕೊಡುವುದು ಇದರ ಕ್ರಮ.

ಮೊದಲ ಹಂತ: ಪಾಠಕ್ಕೆ ಮುನ್ನ ವಾರ್ಡಿನಲ್ಲಿ ನಿಂತು ನೋಡಿ

ಟಿಪ್ಪಣಿ ಬರೆಯಲು ಕೂರುವ ಮೊದಲು ಕನಿಷ್ಠ ಎರಡು ಪಾಳಿ ವಾರ್ಡಿನಲ್ಲಿ ಇದ್ದು ನೋಡಿ. ಅದರಲ್ಲಿ ಒಂದು ರಾತ್ರಿ ಪಾಳಿಯ ಕೊನೆಯ ಮೂರು ಗಂಟೆಗಳಾಗಿರಲಿ, ಏಕೆಂದರೆ ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ರೋಗಿಗಳು ಶೌಚಾಲಯಕ್ಕೆ ಏಳುವುದು ಎಲ್ಲವೂ ಆ ಹೊತ್ತಿನಲ್ಲಿ ಒಟ್ಟಿಗೆ ಬೀಳುತ್ತವೆ ಮತ್ತು ಆಗ ಕೈಗಳು ಅತ್ಯಂತ ಕಡಿಮೆ ಇರುತ್ತವೆ. ತಪ್ಪು ಹಿಡಿಯಲು ಬಂದವರಂತೆ ನಿಲ್ಲಬೇಡಿ. ಬಂದ ಕಾರಣವನ್ನು ಮೊದಲೇ ಹೇಳಿ, ಕೈಲಾದರೆ ಹಾಸಿಗೆಯ ಇನ್ನೊಂದು ಬದಿ ಹಿಡಿದುಕೊಳ್ಳಿ.

ಗಮನಿಸಬೇಕಾದ್ದು ಬಹಳ ಸಣ್ಣ ಸಂಗತಿಗಳನ್ನು. ರೋಗಿಯನ್ನು ಮೇಲಕ್ಕೆ ಸರಿಸುವಾಗ ಸಿಬ್ಬಂದಿಯ ಕೈ ಕಂಕುಳಲ್ಲಿದೆಯೋ, ಬೆನ್ನಡಿಯ ಬಟ್ಟೆಯ ಮೇಲಿದೆಯೋ? ಗಾಲಿಕುರ್ಚಿಯ ಬ್ರೇಕ್ ಹಾಕಿದ ಮೇಲೆ ರೋಗಿ ಏಳುತ್ತಿದ್ದಾರೋ, ಏಳುತ್ತಿರುವಾಗ ಹಾಕುತ್ತಿದ್ದಾರೋ? ಕರೆಗಂಟೆಯ ಗುಂಡಿ ರೋಗಿಯ ಕೈಗೆ ಸಿಗುತ್ತದೆಯೋ, ಮಂಚದ ತಲೆಯ ಹಿಂದೆ ನೇತಾಡುತ್ತಿದೆಯೋ? ಇಂಥ ಹತ್ತು ಸಂಗತಿಗಳನ್ನು ಬರೆದುಕೊಂಡರೆ ನಿಮ್ಮ ಪಾಠದ ಅರ್ಧ ಭಾಗ ಸಿದ್ಧವಾದಂತೆ. ಸಲಕರಣೆಗಳ ಕೊರತೆಯನ್ನೂ ಗುರುತು ಮಾಡಿಕೊಳ್ಳಿ. ಜಾರುಹಾಸು, ಅಂದರೆ ರೋಗಿಯನ್ನು ಎತ್ತದೆ ಸರಿಸಲು ಮೈಯಡಿ ಹಾಕುವ ನುಣುಪಾದ ಬಟ್ಟೆ, ಇಲ್ಲದ ವಾರ್ಡಿನಲ್ಲಿ ಅದನ್ನು ಬಳಸಲು ಕಲಿಸುವುದು ಸಿಬ್ಬಂದಿಗೆ ಮಾಡುವ ಅವಮಾನವಾಗುತ್ತದೆ. ಮೊದಲು ಅದನ್ನು ತರಿಸಿಕೊಡಿ, ಇಲ್ಲವೇ ಇರುವ ಹೊದಿಕೆಯನ್ನೇ ಮಡಚಿ ಬಳಸುವ ವಿಧಾನವನ್ನು ಕಲಿಸಿ.

ಎರಡನೆಯ ಹಂತ: ಗುಂಪು, ಸಮಯ, ಜಾಗ

ಒಂದು ಗುಂಪಿನಲ್ಲಿ ಎಂಟರಿಂದ ಹತ್ತು ಜನ, ಒಂದು ಸಲಕ್ಕೆ 40 ನಿಮಿಷ, ವಾರಕ್ಕೊಂದರಂತೆ ನಾಲ್ಕು ತರಗತಿಗಳು ಎಂಬ ಲೆಕ್ಕ ನನಗೆ ಹಿಡಿಸಿದೆ. ಪಾಳಿ ಮುಗಿದು ಮನೆಗೆ ಹೊರಟವರನ್ನು ತಡೆದು ಕೂರಿಸಬೇಡಿ. ಕೆಲಸದ ಅವಧಿಯೊಳಗೇ ಸಮಯ ಬಿಡಿಸಿಕೊಡುವಂತೆ ಆಡಳಿತದವರನ್ನು ಒಪ್ಪಿಸುವುದು ಕಲಿಸುವವರ ಹೊಣೆ. ಸಭಾಂಗಣ ಬೇಡ. ಒಂದು ಖಾಲಿ ಮಂಚ, ಒಂದು ಗಾಲಿಕುರ್ಚಿ, ಎರಡು ದಿಂಬು, ಒಂದು ಬೆಡ್‌ಪ್ಯಾನ್ ಇರುವ ಕೋಣೆ ಸಾಕು. ಓದು ಬರಹ ಬಾರದವರೂ ಗುಂಪಿನಲ್ಲಿ ಇರಬಹುದಾದ್ದರಿಂದ ಮುದ್ರಿತ ಹಾಳೆಯನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯ ಹಂತ: ಹೆಸರಿನ ಗೊಂದಲವನ್ನು ಬಿಡಿಸಿ

ನಮ್ಮ ಮಾತಿನಲ್ಲಿ ‘ಮೂಳೆ ಸವೆತ’ ಎಂಬುದನ್ನು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಬಳಸುತ್ತೇವೆ. ಮಂಡಿ ನೋಯುವವರೂ ‘ಮೂಳೆ ಸವೆದಿದೆ’ ಎನ್ನುತ್ತಾರೆ, ಮೂಳೆಯ ಸಾಂದ್ರತೆ ಕುಗ್ಗಿದವರೂ ಅದನ್ನೇ ಹೇಳುತ್ತಾರೆ. ಮೊದಲನೆಯದು ಕೀಲಿನ ಮೃದ್ವಸ್ಥಿ ಸವೆಯುವ ಆಸ್ಟಿಯೊಆರ್ಥ್ರೈಟಿಸ್. ಅದು ನೋವಿನಿಂದ ತಾನೇ ತಿಳಿಸುತ್ತದೆ. ಎರಡನೆಯದು ಆಸ್ಟಿಯೊಪೊರೋಸಿಸ್, ಪುಸ್ತಕದ ಮಾತಿನಲ್ಲಿ ಅಸ್ಥಿರಂಧ್ರತೆ. ಅದು ಮೂಳೆ ಮುರಿಯುವವರೆಗೂ ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದರೆ ಸಿಬ್ಬಂದಿ ‘ಇವರಿಗೆ ನೋವೇ ಇಲ್ಲ, ಮೂಳೆ ಚೆನ್ನಾಗಿದೆ’ ಎಂದು ತಿಳಿದುಕೊಳ್ಳುವ ಅಪಾಯವಿದೆ. ತರಗತಿಯಲ್ಲಿ ನಾನು ‘ಟೊಳ್ಳು ಮೂಳೆ’ ಎಂಬ ಮಾತನ್ನು ಬಳಸುತ್ತೇನೆ. ಶಾಸ್ತ್ರೀಯವಾಗಿ ಅದು ಪೂರ್ಣ ನಿಖರವಲ್ಲ, ಆದರೆ ಒಮ್ಮೆ ಕೇಳಿದವರ ಮನಸ್ಸಿನಲ್ಲಿ ಉಳಿಯುತ್ತದೆ ಮತ್ತು ಮಂಡಿನೋವಿನೊಂದಿಗೆ ಬೆರೆತುಹೋಗುವುದಿಲ್ಲ.

ನಾಲ್ಕನೆಯ ಹಂತ: ರಟ್ಟಿನ ಪೆಟ್ಟಿಗೆಯ ಪಾಠ

ಮೂಳೆ ಒಣಗಿದ ಕೋಲಲ್ಲ, ಜೀವಂತ ಅಂಗ ಎಂಬುದನ್ನು ಐದೇ ನಿಮಿಷದಲ್ಲಿ ಹೇಳಬಹುದು. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸ ಮೂಳೆಯನ್ನು ಕಟ್ಟುವ ಕೋಶಗಳೂ ಜೀವನವಿಡೀ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಸುಮಾರು 30ನೆಯ ವಯಸ್ಸಿನ ಹೊತ್ತಿಗೆ ಮೂಳೆಯ ಸಂಗ್ರಹ ತನ್ನ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಅನಂತರ ಕಟ್ಟುವುದಕ್ಕಿಂತ ಕರಗುವುದು ನಿಧಾನವಾಗಿ ಹೆಚ್ಚಾಗುತ್ತದೆ, ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜನ್ ಹಾರ್ಮೋನು ಇಳಿಯುವುದರಿಂದ ಕೆಲವು ವರ್ಷ ಈ ನಷ್ಟ ವೇಗವಾಗಿ ನಡೆಯುತ್ತದೆ.

ಇದನ್ನು ಕಣ್ಣಿಗೆ ಕಾಣಿಸಲು ನಾನು ಬಳಸುವುದು ಇಂಜೆಕ್ಷನ್ ಬಾಟಲಿಗಳು ಬರುವ ರಟ್ಟಿನ ಪೆಟ್ಟಿಗೆಯನ್ನು. ಅದರೊಳಗೆ ಬಾಟಲಿಗಳು ಒಂದಕ್ಕೊಂದು ತಾಗದಂತೆ ಅಡ್ಡ ರಟ್ಟುಗಳನ್ನು ಹೆಣೆದು ಸಣ್ಣ ಸಣ್ಣ ಮನೆಗಳನ್ನು ಮಾಡಿರುತ್ತಾರೆ. ಒಂದೇ ಅಳತೆಯ ಎರಡು ಖಾಲಿ ಪೆಟ್ಟಿಗೆಗಳನ್ನು ತೆಗೆದುಕೊಂಡು, ಒಂದರಲ್ಲಿ ಅಡ್ಡ ರಟ್ಟುಗಳನ್ನು ಹಾಗೆಯೇ ಬಿಟ್ಟು, ಇನ್ನೊಂದರಲ್ಲಿ ಒಂದೆರಡನ್ನು ಉಳಿಸಿ ಮಿಕ್ಕವನ್ನು ಕಿತ್ತುಹಾಕಿ, ಎರಡರ ಮುಚ್ಚಳವನ್ನೂ ಮುಚ್ಚಿ ಮೇಜಿನ ಮೇಲಿಡಿ. ಹೊರಗಿನಿಂದ ಎರಡೂ ಒಂದೇ. ಈಗ ಗುಂಪಿನವರೇ ಬಂದು ಅಂಗೈಯಿಂದ ಮೇಲಿನಿಂದ ಒತ್ತಲಿ. ಮೊದಲನೆಯದು ತಡೆದುಕೊಳ್ಳುತ್ತದೆ, ಎರಡನೆಯದು ಮುಂಭಾಗ ಕುಸಿದು ಓರೆಯಾಗಿ ಕೂರುತ್ತದೆ. ಬೆನ್ನುಮೂಳೆಯ ಮಣಿಯೊಂದು ಕುಸಿಯುವುದು ಬಹುಮಟ್ಟಿಗೆ ಹೀಗೆಯೇ, ಹೀಗೆ ಕುಸಿದ ಮಣಿಗಳಿಂದಲೇ ಹಲವು ವೃದ್ಧರ ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ ಎಂದು ಆಗ ಹೇಳಿ. ಪೆಟ್ಟಿಗೆಯನ್ನು ಒತ್ತಿದವರು ‘ಇಷ್ಟಕ್ಕೇ ಕುಸೀತಲ್ಲ’ ಎಂದು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಪಾಠ ಅವರದ್ದಾಗುತ್ತದೆ.

ಅಂಕಿಗಳನ್ನು ಕಡಿಮೆ ಬಳಸಿ. ಜಗತ್ತಿನಲ್ಲಿ 50 ದಾಟಿದ ಮಹಿಳೆಯರಲ್ಲಿ ಮೂವರಲ್ಲಿ ಒಬ್ಬರಿಗೆ, ಪುರುಷರಲ್ಲಿ ಐವರಲ್ಲಿ ಒಬ್ಬರಿಗೆ ಈ ಕಾರಣದಿಂದ ಮೂಳೆ ಮುರಿಯುತ್ತದೆ ಎಂಬ ಅಂದಾಜನ್ನು ಹೇಳಿದರೆ ಸಾಕು. ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನೀಡಿದ ವ್ಯಾಖ್ಯಾನವನ್ನು ಯಾರಾದರೂ ಕೇಳಿದರೆ ಮಾತ್ರ ವಿವರಿಸಿ.

ಐದನೆಯ ಹಂತ: ಯಾರ ಬಗ್ಗೆ ಎಚ್ಚರ ಬೇಕು

ಸಹಾಯಕ ಸಿಬ್ಬಂದಿ ರೋಗವನ್ನು ಪತ್ತೆ ಹಚ್ಚಬೇಕಾಗಿಲ್ಲ, ಆದರೆ ಅನುಮಾನಿಸಲು ಕಲಿಯಬೇಕು. ಸಾಂದ್ರತೆಯ ಪರೀಕ್ಷೆಯನ್ನು ಎಂದೂ ಮಾಡಿಸದ ರೋಗಿಗಳೇ ವಾರ್ಡಿನಲ್ಲಿ ಹೆಚ್ಚು ಇರುತ್ತಾರೆ, ಮತ್ತು ಬೆನ್ನುಮೂಳೆಯ ಕುಸಿತಗಳಲ್ಲಿ ಹೆಚ್ಚಿನವು ‘ವಯಸ್ಸಾದ ಮೇಲೆ ಬರುವ ಬೆನ್ನುನೋವು’ ಎಂದೇ ಲೆಕ್ಕಕ್ಕೆ ಸೇರಿ ಗುರುತಾಗದೆ ಉಳಿಯುತ್ತವೆ. ಆದ್ದರಿಂದ ಕೇಸ್ ಶೀಟಿನಲ್ಲಿ ಬರೆದಿದೆಯೋ ಇಲ್ಲವೋ ಎಂದು ಕಾಯದೆ, ಕೆಲವು ಗುರುತುಗಳಿದ್ದ ಕೂಡಲೇ ಟೊಳ್ಳು ಮೂಳೆ ಇದೆ ಎಂದುಕೊಂಡೇ ಮುಟ್ಟಬೇಕು. ಬೆನ್ನು ಗೂನಾಗಿರುವುದು, ಮೊದಲಿಗಿಂತ ಕುಳ್ಳಗಾಗಿದ್ದೇನೆ ಎಂದು ರೋಗಿಯೇ ಹೇಳುವುದು, ನಿಂತಲ್ಲಿಂದ ಬಿದ್ದು ಹಿಂದೆ ಮಣಿಕಟ್ಟೋ ಸೊಂಟದ ಕೀಲೋ ಮುರಿದಿರುವುದು, ಉಬ್ಬಸಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿರುವುದು, ತೀರ ಬಡಕಲು ಮೈ, ಬಹಳ ಕಾಲ ಹಾಸಿಗೆ ಹಿಡಿದಿರುವುದು, 45ಕ್ಕೂ ಮೊದಲೇ ಮುಟ್ಟು ನಿಂತಿರುವುದು ಇವು ಮುಖ್ಯವಾದವು. ಇದು ಹೆಂಗಸರ ಕಾಯಿಲೆ ಎಂಬ ಭಾವನೆಯನ್ನೂ ಇಲ್ಲಿಯೇ ತೆಗೆದುಹಾಕಿ. ಗಂಡಸರ ವಾರ್ಡಿನಲ್ಲಿ ಈ ಎಚ್ಚರ ಸುಲಭವಾಗಿ ಸಡಿಲವಾಗುತ್ತದೆ.

ಆರನೆಯ ಹಂತ: ಕೈಗಳಿಗೆ ಕಲಿಸಿ

ತರಬೇತಿಯ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಿ. ಪ್ರತಿಯೊಂದು ಕೆಲಸವನ್ನೂ ಮೊದಲು ನೀವು ಮಾಡಿ ತೋರಿಸಿ, ಅನಂತರ ಸಿಬ್ಬಂದಿ ಒಬ್ಬರ ಮೇಲೊಬ್ಬರು ಮಾಡಲಿ. ರೋಗಿಯ ಪಾತ್ರ ವಹಿಸಿ ಮಲಗಿದವರು ತಮಗೆ ಎಲ್ಲಿ ಎಳೆದಂತಾಯಿತು, ಎಲ್ಲಿ ಭಯವಾಯಿತು ಎಂದು ಬಾಯಿಬಿಟ್ಟು ಹೇಳುವುದು ಕಡ್ಡಾಯವಾಗಿರಲಿ. ಮಲಗಿ ನೋಡಿದವರ ಹಿಡಿತ ಮರುದಿನದಿಂದಲೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎಲ್ಲ ಕೆಲಸಗಳಿಗೂ ಅನ್ವಯಿಸುವ ಒಂದು ಅಭ್ಯಾಸವನ್ನು ಮೊದಲು ಕೂರಿಸಬೇಕು. ಮುಟ್ಟುವ ಮೊದಲು ಹೇಳುವುದೇ ಆ ಅಭ್ಯಾಸ. ‘ಅಮ್ಮಾ, ಈಗ ನಿಮ್ಮನ್ನು ಎಡಗಡೆಗೆ ತಿರುಗಿಸ್ತೀವಿ, ಮೂರು ಎಣಿಸಿದ ಮೇಲೆ’ ಎಂದು ಹೇಳಿದರೆ ರೋಗಿ ತಮ್ಮ ಮೈಯನ್ನು ಸಿದ್ಧಮಾಡಿಕೊಳ್ಳುತ್ತಾರೆ. ಹೇಳದೆ ತಿರುಗಿಸಿದರೆ ಬೆಚ್ಚಿ ಮೈ ಬಿಗಿಹಿಡಿಯುತ್ತಾರೆ, ಆಗ ಸಿಬ್ಬಂದಿ ಇನ್ನಷ್ಟು ಬಲ ಹಾಕಬೇಕಾಗುತ್ತದೆ, ಆ ಬಲ ಹೋಗಿ ಬೀಳುವುದು ಮೂಳೆಯ ಮೇಲೆ.

ಹೊರಳಿಸುವಾಗ ಭುಜ ಮತ್ತು ಸೊಂಟ ಒಟ್ಟಿಗೆ ತಿರುಗಬೇಕು. ಮೇಲ್ಭಾಗ ಮೊದಲು, ಕೆಳಭಾಗ ಆಮೇಲೆ ಎಂದಾದರೆ ಬೆನ್ನುಮೂಳೆ ಹಿಂಡಿದಂತಾಗುತ್ತದೆ. ರೋಗಿಯ ಕೈಗಳನ್ನು ಎದೆಯ ಮೇಲೆ ಮಡಚಿಸಿ, ಮಂಡಿಗಳ ನಡುವೆ ದಿಂಬು ಇಟ್ಟು, ಇಬ್ಬರು ಒಂದೇ ಬದಿಯಲ್ಲಿ ನಿಂತು, ಒಬ್ಬರು ಭುಜ ಮತ್ತು ಪಕ್ಕೆಯ ಹಿಂದೆ, ಇನ್ನೊಬ್ಬರು ಸೊಂಟ ಮತ್ತು ತೊಡೆಯ ಹಿಂದೆ ಅಂಗೈ ಪೂರ್ತಿ ಹರಡಿ, ಎಣಿಕೆಯ ಮೇಲೆ ಒಂದೇ ದಿಮ್ಮಿಯನ್ನು ಹೊರಳಿಸುವಂತೆ ತಮ್ಮತ್ತ ತಿರುಗಿಸಿಕೊಳ್ಳಬೇಕು. ಬೆರಳ ತುದಿಯಿಂದ ಒತ್ತಿ ಹಿಡಿಯಬಾರದು, ತೋಳನ್ನೋ ಕಾಲನ್ನೋ ಹಿಡಿಕೆಯಂತೆ ಬಳಸಬಾರದು. ಬೆನ್ನಿಗೆ ಪೆಟ್ಟಾದವರು ಅಥವಾ ಸೊಂಟದ ಶಸ್ತ್ರಚಿಕಿತ್ಸೆಯಾದವರು ಇದ್ದರೆ ದಾದಿಯನ್ನು ಕೇಳದೆ ಹೊರಳಿಸಲೇಬಾರದು ಎಂಬುದನ್ನು ಒತ್ತಿ ಹೇಳಿ.

ಹಾಸಿಗೆಯಲ್ಲಿ ಕೆಳಕ್ಕೆ ಜಾರಿದವರನ್ನು ಮೇಲಕ್ಕೆ ಸರಿಸಲು ಕಂಕುಳಿಗೆ ಕೈ ಹಾಕಿ ಎಳೆಯುವ ಪದ್ಧತಿಯನ್ನು ಪೂರ್ತಿಯಾಗಿ ಬಿಡಿಸಬೇಕು. ಭುಜದ ಕೀಲಿಗೂ ತೋಳಿನ ಮೂಳೆಗೂ ಪಕ್ಕೆಲುಬಿಗೂ ಅದರಿಂದ ಅಪಾಯವಿದೆ. ಮಂಚದ ತಲೆಭಾಗವನ್ನು ಸಮತಟ್ಟು ಮಾಡಿ, ರೋಗಿಯ ಭುಜದಿಂದ ತೊಡೆಯವರೆಗೆ ಬರುವಂತೆ ಜಾರುಹಾಸನ್ನೋ ಅಡ್ಡಹಾಸನ್ನೋ ಹಾಕಿ, ಎರಡೂ ಬದಿಯಲ್ಲಿ ಒಬ್ಬೊಬ್ಬರು ಅದರ ಅಂಚನ್ನು ರೋಗಿಯ ಮೈಗೆ ಹತ್ತಿರದಲ್ಲಿ ಸುತ್ತಿ ಹಿಡಿದು ಸರಿಸಬೇಕು. ಇದರಿಂದ ಸಿಬ್ಬಂದಿಯ ಸ್ವಂತ ಬೆನ್ನಿಗೂ ಹೊರೆ ಕಡಿಮೆಯಾಗುತ್ತದೆ. ಈ ಮಾತನ್ನು ಮರೆಯದೆ ಹೇಳಿ, ಏಕೆಂದರೆ ಅವರಲ್ಲಿ ಹಲವರು ಬೆನ್ನುನೋವು ಹೊತ್ತುಕೊಂಡೇ ಪಾಳಿಗೆ ಬರುತ್ತಾರೆ.

ಬೆಡ್‌ಪ್ಯಾನಿನ ವಿಷಯಕ್ಕೆ ಬಂದರೆ, ಒಂದು ಕಾಲನ್ನು ಎತ್ತಿ ಹಿಡಿದು ಪಾತ್ರೆಯನ್ನು ಒಳಕ್ಕೆ ನೂಕುವುದು ಬಹಳ ಕಡೆ ನಡೆಯುತ್ತದೆ. ಅದರ ಬದಲು ರೋಗಿಯನ್ನು ಮೇಲೆ ಹೇಳಿದ ರೀತಿಯಲ್ಲಿ ಮಗ್ಗುಲಿಗೆ ತಿರುಗಿಸಿ, ಪಾತ್ರೆಯನ್ನು ಪೃಷ್ಠಕ್ಕೆ ತಾಗಿಸಿ ಹಾಸಿಗೆಗೆ ಒತ್ತಿ ಹಿಡಿದು, ಪಾತ್ರೆಯೊಂದಿಗೇ ಅಂಗಾತ ತಿರುಗಿಸಬೇಕು. ಒಂದು ತುದಿ ಚಪ್ಪಟೆಯಾಗಿರುವ ತಗ್ಗಿನ ಬೆಡ್‌ಪ್ಯಾನ್ ಇದ್ದರೆ ಅದೇ ಒಳ್ಳೆಯದು. ಆ ಚಪ್ಪಟೆ ತುದಿ ಪೃಷ್ಠದ ಕೆಳಗೆ, ಬೆನ್ನಿನ ಕಡೆಗೆ ಬರಬೇಕು. ಅದನ್ನು ತಿರುಗುಮುರುಗಾಗಿ ಇಡುವವರು ಕಡಿಮೆಯಿಲ್ಲ, ಆದ್ದರಿಂದ ಪ್ರತಿಯೊಬ್ಬರ ಕೈಯಲ್ಲೂ ಒಮ್ಮೆ ಮಾಡಿಸಿ ನೋಡಿ.

ಏಳಿಸುವುದಕ್ಕೆ ಒಂದು ಕ್ರಮವಿದೆ. ಅಂಗಾತ ಮಲಗಿದವರನ್ನು ಕೈ ಹಿಡಿದು ನೇರ ಮುಂದಕ್ಕೆ ಎಳೆದು ಕೂರಿಸಿದರೆ ಬೆನ್ನು ಮುಂದಕ್ಕೆ ಬಾಗಿ ಮಣಿಗಳ ಮುಂಭಾಗದ ಮೇಲೆ ಭಾರ ಬೀಳುತ್ತದೆ, ರಟ್ಟಿನ ಪೆಟ್ಟಿಗೆ ಕುಸಿದದ್ದೂ ಅದೇ ಭಾಗದಲ್ಲಿ. ಮೊದಲು ಮಗ್ಗುಲಾಗಿಸಿ, ಕಾಲುಗಳು ಮಂಚದಿಂದ ಕೆಳಗಿಳಿಯುತ್ತಿದ್ದಂತೆ ರೋಗಿ ಮೊಣಕೈ ಊರಿ ಮೇಲೇಳಲು ನೆರವಾಗಬೇಕು. ಮಂಚದ ಅಂಚಿನಲ್ಲಿ ಪಾದಗಳು ನೆಲಕ್ಕೆ ತಾಗುವಂತೆ ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿದೆಯೇ ಎಂದು ಕೇಳಿದ ಮೇಲೆಯೇ ನಿಲ್ಲಿಸಬೇಕು. ನಿಲ್ಲುವಾಗ ರೋಗಿ ತಮ್ಮ ಅಂಗೈಗಳಿಂದ ಹಾಸಿಗೆಯನ್ನು ಒತ್ತಿ ಏಳಲಿ. ಸಿಬ್ಬಂದಿ ಪಕ್ಕದಲ್ಲಿ ನಿಂತು ಸೊಂಟದ ಹಿಂದೆ ಅಂಗೈ ಆನಿಸಿರಲಿ. ರೋಗಿಯ ಕೈ ಸಹಾಯಕರ ಕುತ್ತಿಗೆಯ ಸುತ್ತ ಎಂದೂ ಬರಬಾರದು.

ಮೈ ತೊಳೆಸುವಾಗ, ಬಟ್ಟೆ ಬದಲಿಸುವಾಗ ಬಿಗಿಯಾದ ಕೀಲುಗಳನ್ನು ಬಲವಂತವಾಗಿ ಬಿಡಿಸಬಾರದು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮಂಡಿಗಳು ಮಡಚಿ ಒಂದಕ್ಕೊಂದು ಅಂಟಿಕೊಂಡಿದ್ದಾಗ, ಶುಚಿ ಮಾಡಲು ತೊಡೆಗಳನ್ನು ಅಗಲಿಸಿದ್ದರಿಂದಲೇ ತೊಡೆಮೂಳೆ ಮುರಿಯಬಹುದು. ಅಂಥವರನ್ನು ಮಗ್ಗುಲಿಗೆ ತಿರುಗಿಸಿ ಹಿಂದಿನಿಂದ ಶುಚಿ ಮಾಡುವುದನ್ನು ತೋರಿಸಿಕೊಡಿ. ನೋವಿರುವ ತೋಳಿಗೆ ಅಂಗಿಯನ್ನು ಮೊದಲು ತೊಡಿಸಬೇಕು, ಬಿಚ್ಚುವಾಗ ಆ ತೋಳನ್ನು ಕೊನೆಗೆ ಬಿಡಿಸಬೇಕು.

ಗಾಲಿಕುರ್ಚಿಯ ಪಾಠ ಚಿಕ್ಕದು. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆಗಳನ್ನು ಮಡಚಿ, ಆಮೇಲೆ ಏಳಿಸುವುದು ಅಥವಾ ಕೂರಿಸುವುದು. ಹಲಗೆಯ ಮೇಲೆ ಕಾಲಿಟ್ಟು ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಲಿಫ್ಟಿನ ಬಾಗಿಲ ಸಂದಿಯನ್ನು ದಾಟುವಾಗ ಕುರ್ಚಿಯನ್ನು ಹಿಮ್ಮುಖವಾಗಿ, ನಿಧಾನವಾಗಿ ಎಳೆದುಕೊಳ್ಳಬೇಕು, ಏಕೆಂದರೆ ಅಲ್ಲಿ ಆಗುವ ಒಂದು ಕುಲುಕೂ ಬೆನ್ನುಮೂಳೆಗೆ ನೇರವಾಗಿ ತಾಗುತ್ತದೆ.

ಏಳನೆಯ ಹಂತ: ನೆಲ ಮತ್ತು ಮಂಚದ ಸುತ್ತ

ಸೊಂಟದ ಕೀಲಿನ ಮುರಿತಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬೀಳುವುದರಿಂದ ಆಗುತ್ತವೆ, ಅದರಲ್ಲೂ ಪಕ್ಕಕ್ಕೆ ಬೀಳುವುದರಿಂದ. ಆದ್ದರಿಂದ ಈ ಹಂತದಲ್ಲಿ ಮುಖ್ಯರಾಗುವವರು ಸ್ವಚ್ಛತಾ ಸಿಬ್ಬಂದಿ. ಅವರನ್ನು ಬೇರೆ ಕೂರಿಸದೆ ಇದೇ ಗುಂಪಿನಲ್ಲಿ ಸೇರಿಸಿ. ರೋಗಿಯನ್ನು ಮುಟ್ಟದೆಯೇ ಮೂಳೆಯನ್ನು ಕಾಯುವ ಕೆಲಸ ಅವರದು ಎಂದು ಎಲ್ಲರೆದುರು ಹೇಳಿ. ಓಣಿಯ ಅರ್ಧ ಅಗಲವನ್ನಷ್ಟೇ ಒಮ್ಮೆಗೆ ಒರೆಸಿ, ಅದು ಒಣಗಿದ ಮೇಲೆ ಇನ್ನರ್ಧ ಒರೆಸಿದರೆ ನಡೆಯುವವರಿಗೆ ಯಾವಾಗಲೂ ಒಂದು ಒಣ ದಾರಿ ಇರುತ್ತದೆ. ಎಚ್ಚರಿಕೆಯ ಫಲಕ ಇಟ್ಟರೆ ಸಾಲದು. ಕನ್ನಡಕ ತೆಗೆದಿಟ್ಟು ರಾತ್ರಿ ಎದ್ದ ವೃದ್ಧರಿಗೆ ಅದು ಕಾಣುವುದೇ ಇಲ್ಲ. ಶೌಚಾಲಯದ ಬಾಗಿಲಲ್ಲಿ ಬಿದ್ದ ಮೂತ್ರದ ಹನಿ, ಮೈಗೆ ಹಚ್ಚುವಾಗ ಚೆಲ್ಲಿದ ಪೌಡರ್, ಅಡ್ಡ ಬಿದ್ದ ವಿದ್ಯುತ್ ತಂತಿ ಇವನ್ನು ಕಂಡವರು ‘ಇದು ನನ್ನ ಕೆಲಸವಲ್ಲ’ ಎನ್ನದೆ ಅಲ್ಲಿಯೇ ನಿಲ್ಲಬೇಕು.

ಮಂಚದ ಬಳಿಯಿಂದ ಹೊರಡುವ ಮುನ್ನ ಒಮ್ಮೆ ತಿರುಗಿ ನೋಡುವುದನ್ನು ರೂಢಿ ಮಾಡಿಸಿ. ಮಂಚ ಅತಿ ತಗ್ಗಿನ ಮಟ್ಟದಲ್ಲಿರಬೇಕು. ಕರೆಗಂಟೆ, ನೀರು, ಕನ್ನಡಕ ಕೈಗೆಟುಕಬೇಕು. ಚಪ್ಪಲಿ ಹಿಮ್ಮಡಿ ಮುಚ್ಚುವಂಥದ್ದಾಗಿದ್ದು ಜಾರದಿರಬೇಕು. ಚಕ್ರವಿರುವ ಊಟದ ಮೇಜಿನ ಬ್ರೇಕ್ ಹಾಕಿರಬೇಕು, ಏಕೆಂದರೆ ಏಳುವಾಗ ರೋಗಿ ಆಸರೆಗೆಂದು ಹಿಡಿಯುವುದು ಅದನ್ನೇ. ಮಂಚದ ಕಟಾಂಜನವನ್ನು ಎತ್ತಿಟ್ಟರೆ ಎಲ್ಲವೂ ಸುರಕ್ಷಿತ ಎಂಬ ನಂಬಿಕೆಯನ್ನು ಮಾತ್ರ ತಿದ್ದಬೇಕಾಗುತ್ತದೆ. ಗಲಿಬಿಲಿಗೊಂಡ ರೋಗಿ ಅದನ್ನು ಹತ್ತಿ ದಾಟಲು ಹೋಗಿ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ. ಬೀಳುವ ಪ್ರಸಂಗಗಳಲ್ಲಿ ಬಹಳಷ್ಟು ಶೌಚಾಲಯಕ್ಕೆ ಹೋಗುವ ಅವಸರದಲ್ಲಿ ಆಗುವುದರಿಂದ, ಕರೆಯುವವರೆಗೆ ಕಾಯದೆ ಮಲಗುವ ಮುಂಚೆ ಮತ್ತು ಬೆಳಗಿನ ಜಾವ ‘ಅಜ್ಜಾ, ಬಾತ್‌ರೂಮಿಗೆ ಹೋಗಬೇಕಾ?’ ಎಂದು ತಾವೇ ಕೇಳುವುದು ಹೆಚ್ಚು ಫಲಕಾರಿ.

ಎಂಟನೆಯ ಹಂತ: ಬೆಳಗಿನ ಮಾತ್ರೆಯ ಅರ್ಧ ಗಂಟೆ

ಔಷಧ ಕೊಡುವುದು ದಾದಿಯರ ಕೆಲಸವಾದರೂ ಒಂದು ಮಾತ್ರೆಯ ಬಗ್ಗೆ ಸಹಾಯಕ ಸಿಬ್ಬಂದಿಗೆ ತಿಳಿದಿರಲೇಬೇಕು. ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಒಂದು ಲೋಟ ಬರಿ ನೀರಿನೊಂದಿಗೆ ನುಂಗಿಸುತ್ತಾರೆ. ಅನಂತರ ಕನಿಷ್ಠ 30 ನಿಮಿಷ ರೋಗಿ ನೆಟ್ಟಗೆ ಕುಳಿತಿರಬೇಕು ಅಥವಾ ನಿಂತಿರಬೇಕು, ಏನನ್ನೂ ತಿನ್ನಬಾರದು, ನೀರಲ್ಲದೆ ಬೇರೇನನ್ನೂ ಕುಡಿಯಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಅಲ್ಲಿ ಹುಣ್ಣು ಮಾಡಬಹುದು. ಹಾಲು, ಕಾಫಿ, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಹೋದರೆ ಔಷಧ ಮೈಗೆ ಹತ್ತುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಹಾಸಿಗೆ ಸರಿಮಾಡಲು ಬಂದವರು ‘ಮಲಗಿಕೊಳ್ಳಿ’ ಎಂದುಬಿಟ್ಟರೆ, ಚಹಾ ತಂದವರು ಲೋಟ ಕೈಗಿತ್ತರೆ ಎಲ್ಲರ ಶ್ರಮವೂ ವ್ಯರ್ಥ. ಮಾತ್ರೆಯ ದಿನ ಮಂಚಕ್ಕೆ ಒಂದು ಬಣ್ಣದ ಪಟ್ಟಿ ಕಟ್ಟುವುದು ಓದು ಬಾರದವರಿಗೂ ತಿಳಿಯುವ ಸರಳ ಉಪಾಯ.

ಒಂಬತ್ತನೆಯ ಹಂತ: ಬಿದ್ದವರನ್ನು ಕಂಡಾಗ

ಬಿದ್ದವರನ್ನು ಕೂಡಲೇ ಎತ್ತಿ ಮಂಚಕ್ಕೆ ಹಾಕಬೇಕೆಂದು ಮನಸ್ಸು ಓಡುತ್ತದೆ. ಅದು ಕರುಣೆಯಿಂದ ಬರುವ ಓಟ, ಅದನ್ನು ಬೈಯಬೇಡಿ. ಆದರೆ ತಡೆಯಲು ಕಲಿಸಿ. ಎತ್ತಬಾರದು, ಜಾಗ ಬಿಟ್ಟು ಹೋಗಬಾರದು, ಕೂಗಿ ದಾದಿಯನ್ನು ಕರೆಯಬೇಕು. ಅವರು ಬರುವವರೆಗೆ ರೋಗಿಯ ಮಟ್ಟಕ್ಕೆ ಕುಳಿತು ಮಾತನಾಡಿಸುತ್ತ, ಹೊದಿಕೆ ಹೊದಿಸಿ, ಅಲುಗಾಡದಂತೆ ನೋಡಿಕೊಳ್ಳಬೇಕು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು ಪಾದ ಹೊರಮುಖವಾಗಿ ತಿರುಗಿದ್ದರೆ, ತೊಡೆಸಂದಿನಲ್ಲಿ ನೋವಿದ್ದರೆ ಸೊಂಟದ ಕೀಲಿನ ಬಳಿ ಮುರಿದಿರುವ ಸಾಧ್ಯತೆ ಹೆಚ್ಚು. ಆ ಕಾಲನ್ನು ನೇರ ಮಾಡಲು ಹೋಗಬಾರದು. ಹಾಗೆಂದು ಈ ಗುರುತುಗಳಿಲ್ಲದಿದ್ದರೆ ಮುರಿದಿಲ್ಲ ಎಂದೂ ತಿಳಿಯಬಾರದು. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಹೋಗುತ್ತಾರೆ ಎಂಬುದನ್ನು ಇಲ್ಲಿ, ಮೆಲುದನಿಯಲ್ಲಿ, ಹೇಳಲೇಬೇಕು.

ನಡೆಯುತ್ತಿರುವಾಗಲೇ ರೋಗಿ ಕುಸಿದರೆ ತೋಳು ಹಿಡಿದು ಜಗ್ಗಬಾರದು. ಹತ್ತಿರ ಸರಿದು, ಅವರ ಮೈಯನ್ನು ತಮ್ಮ ಮೈಗೆ ಆನಿಸಿಕೊಂಡು, ಮಂಡಿ ಬಗ್ಗಿಸಿ ನಿಧಾನವಾಗಿ ನೆಲಕ್ಕೆ ಇಳಿಸಬೇಕು. ಇದನ್ನು ದಪ್ಪ ಹಾಸಿಗೆಯ ಮೇಲೆ ಅಭ್ಯಾಸ ಮಾಡಿಸಿ.

ನಡೆದದ್ದನ್ನು ಮುಚ್ಚಿಡದೆ ಹೇಳುವ ಧೈರ್ಯವೂ ಈ ಪಾಠದ ಭಾಗ. ಹೊರಳಿಸುವಾಗ ‘ಟಕ್’ ಎಂಬ ಸದ್ದು ಕೇಳಿಸಿತು ಎಂದು ಒಬ್ಬ ಸಹಾಯಕಿ ಅಂದೇ ಹೇಳಿದ್ದರೆ ಅಂದೇ ಎಕ್ಸ್‌ರೇ ಆಗುತ್ತಿತ್ತು. ಬೈಯುತ್ತಾರೆಂಬ ಭಯಕ್ಕೆ ಆಕೆ ಮೂರು ದಿನ ಸುಮ್ಮನಿದ್ದ, ಆ ಮೂರು ದಿನವೂ ಮುರಿದ ಪಕ್ಕೆಲುಬಿನ ಮೇಲೆಯೇ ರೋಗಿಯನ್ನು ಹೊರಳಿಸಿದ ಪ್ರಸಂಗವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆಕೆಯ ಮೌನಕ್ಕೆ ಆಕೆಗಿಂತ ಹೆಚ್ಚು ಹೊಣೆ ಆಕೆಯನ್ನು ಹೆದರಿಸಿಟ್ಟಿದ್ದವರದು. ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬ ಮಾತನ್ನು ಮೇಲಧಿಕಾರಿಗಳ ಬಾಯಿಂದಲೇ ಗುಂಪಿನ ಎದುರು ಹೇಳಿಸಿ.

ಹತ್ತನೆಯ ಹಂತ: ಕಲಿತದ್ದು ಉಳಿದಿದೆಯೇ ಎಂದು ನೋಡುವುದು

ಬರವಣಿಗೆಯ ಪರೀಕ್ಷೆ ಇಡಬೇಡಿ. ಕೊನೆಯ ತರಗತಿಯಲ್ಲಿ ಪ್ರತಿಯೊಬ್ಬರೂ ಹೊರಳಿಸುವುದು, ಬೆಡ್‌ಪ್ಯಾನ್ ಇಡುವುದು, ಏಳಿಸಿ ನಿಲ್ಲಿಸುವುದು ಈ ಮೂರನ್ನು ಮಾಡಿ ತೋರಿಸುತ್ತ, ಏಕೆ ಹೀಗೆ ಎಂದು ಬಾಯಲ್ಲಿ ಹೇಳಲಿ. ಕಾರಣ ಹೇಳಬಲ್ಲವರು ಹೊಸ ಸನ್ನಿವೇಶದಲ್ಲೂ ಸರಿಯಾಗಿ ಯೋಚಿಸುತ್ತಾರೆ. ಚಲನೆಯನ್ನಷ್ಟೇ ಕಲಿತವರು ಮಂಚ ಬದಲಾದರೆ ಗೊಂದಲಗೊಳ್ಳುತ್ತಾರೆ. ಒಂದು ತಿಂಗಳ ನಂತರ ಮತ್ತೆ ಅದೇ ಬೆಳಗಿನ ಹೊತ್ತಿನಲ್ಲಿ ವಾರ್ಡಿಗೆ ಹೋಗಿ, ಮೊದಲ ಹಂತದಲ್ಲಿ ಬರೆದುಕೊಂಡ ಹತ್ತು ಸಂಗತಿಗಳನ್ನು ಒಂದೊಂದಾಗಿ ನೋಡಿ. ಬದಲಾಗದೆ ಉಳಿದವುಗಳಿಗೆ ಸಾಮಾನ್ಯವಾಗಿ ಕಾರಣ ಮರೆವಲ್ಲ, ಜನರ ಕೊರತೆ ಅಥವಾ ಸಲಕರಣೆಯ ಕೊರತೆ. ಒಬ್ಬರೇ ಇರುವ ಪಾಳಿಯಲ್ಲಿ ಇಬ್ಬರ ಕೆಲಸವನ್ನು ನಿರೀಕ್ಷಿಸಲಾಗದು ಎಂದು ಆಡಳಿತಕ್ಕೆ ಲಿಖಿತವಾಗಿ ತಿಳಿಸುವುದು ಕಲಿಸಿದವರ ಕರ್ತವ್ಯ. ಹೊಸದಾಗಿ ಸೇರಿದವರಿಗೆ ಈ ಗುಂಪಿನಿಂದಲೇ ಚೆನ್ನಾಗಿ ಕಲಿತ ಒಬ್ಬರು ಕಲಿಸುವಂತೆ ಏರ್ಪಾಟು ಮಾಡಿ.

ಕೊನೆಯ ತರಗತಿಯ ಕೊನೆಯ ಹದಿನೈದು ನಿಮಿಷ

ಇದನ್ನು ಎಂದೂ ಮೊಟಕುಗೊಳಿಸಬೇಡಿ. ನಿಮ್ಮೆದುರು ಕುಳಿತವರಲ್ಲಿ ಹಲವರು 40 ದಾಟಿದ ಮಹಿಳೆಯರಾಗಿರುತ್ತಾರೆ. ಇಷ್ಟು ಹೊತ್ತು ರೋಗಿಯ ಮೂಳೆಯ ಬಗ್ಗೆ ಕೇಳಿದವರು ಆಗ ತಮ್ಮ ಮೂಳೆಯ ಬಗ್ಗೆ ಕೇಳಲು ಆರಂಭಿಸುತ್ತಾರೆ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ, 50 ದಾಟಿದ ಮಹಿಳೆಯರಿಗೆ 1200 ಮಿಲಿಗ್ರಾಂ ಬೇಕು, ಅದು ಆದಷ್ಟು ಊಟದಿಂದಲೇ ಬರಲಿ; ವಿಟಮಿನ್ ಡಿ ಇಲ್ಲದೆ ಆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ; ಹೊಗೆಸೊಪ್ಪಿನ ಸೇದುವಿಕೆ ಮತ್ತು ಮದ್ಯ ಮೂಳೆಯನ್ನು ತೆಳುವಾಗಿಸುತ್ತವೆ; ಕಾಲ ಮೇಲೆ ಭಾರ ಬೀಳುವ ನಡಿಗೆ ಮೂಳೆಗೆ ಒಳ್ಳೆಯದು ಎಂದು ಹೇಳಿ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ಎಳೆಯ ವಯಸ್ಸಿನಲ್ಲೇ ತೆಗೆಸಿಕೊಂಡವರು ಗುಂಪಿನಲ್ಲಿದ್ದರೆ ಅವರು ಎಲ್ಲರೆದುರು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ‘ಇಂಥವರು ವೈದ್ಯರನ್ನು ಕಂಡು ಮೂಳೆಯ ಸಾಂದ್ರತೆಯ ಬಗ್ಗೆ ಕೇಳಬೇಕು’ ಎಂದು ಸಾಮಾನ್ಯ ಮಾತಾಗಿ ಹೇಳಿ, ತರಗತಿ ಮುಗಿದ ಮೇಲೆ ಮಂಚ, ದಿಂಬುಗಳನ್ನು ಎತ್ತಿಡುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲಿಯೇ ಉಳಿಯಿರಿ. ಒಬ್ಬರಾದರೂ ಹಿಂದೆ ಉಳಿದು ಹತ್ತಿರ ಬರುತ್ತಾರೆ.